ಬೇಸ್‌ಗೆ ರನ್ನರ್ ಬಂದೊಡನೆ ಎಸೆತ ಕೆಡುವುದೇಕೆ?

ಪ್ರಶ್ನೆ: ಕಾಲೇಜು ಬೇಸ್‌ಬಾಲ್ ತಂಡದಲ್ಲಿ ನಾನು ಬಲಗೈ ಪಿಚರ್. ಬೇಸ್ ಖಾಲಿಯಿದ್ದರೆ ಚೆನ್ನಾಗಿ ಎಸೆಯುತ್ತೇನೆ. ಮೊದಲ ಬೇಸ್‌ಗೆ ಒಬ್ಬ ಬಂದರೆ ಸಾಕು, ಚೆಂಡು ಎತ್ತರಕ್ಕೆ ಹೋಗುತ್ತದೆ. ನಾನು ಎಸೆಯುವಷ್ಟರಲ್ಲಿ ಓಡಿ ಅವನು ಎರಡನೆಯ ಬೇಸನ್ನೂ ಕದಿಯುತ್ತಾನೆ. ಏನು ಮಾಡಲಿ?
– ಓದುಗ, ಜಯನಗರ, ಬೆಂಗಳೂರು

ಉತ್ತರ: ಬಹುಶಃ ಅವಸರದಲ್ಲಿ ಎಡಗಾಲನ್ನು ನೆಲ ಸವರಿದಂತೆ ಮುಂದಿಡುತ್ತಿದ್ದೀರಿ. ಈ ಸ್ಲೈಡ್ ಸ್ಟೆಪ್‌ನಲ್ಲಿ ಕಾಲು ನೆಲ ಮುಟ್ಟಿದಾಗ ಕೈ ಇನ್ನೂ ಮೇಲೆ ಬಂದಿರುವುದಿಲ್ಲ. ಹಿಂದುಳಿದ ಕೈ ಚೆಂಡನ್ನು ಬೇಗ ಬಿಟ್ಟುಬಿಡುತ್ತದೆ, ಚೆಂಡು ಬ್ಯಾಟರ್‌ನ ಎದೆಮಟ್ಟಕ್ಕೆ ಏರುತ್ತದೆ. ಸೆಟ್‌ನಲ್ಲಿ, ಅಂದರೆ ಎಸೆಯುವ ಮೊದಲು ಕೈಗಳನ್ನು ಜೋಡಿಸಿ ಅಲುಗಾಡದೆ ನಿಲ್ಲುವ ಭಂಗಿಯಲ್ಲಿ, ನಿಂತಾಗಲೇ ಭಾರವನ್ನು ತುಸು ಬಲಗಾಲಿಗೆ ಕೊಡಿ. ಎಡ ಮಂಡಿಯನ್ನು ಬಲ ಮಂಡಿಯ ಮಟ್ಟದವರೆಗೆ ಮಾತ್ರ ಎತ್ತಿ; ಕಾಲು ಎದ್ದು ಮುಂದೆ ಹೊರಡುವಾಗಲೇ ಕೈಗಳು ಬೇರೆಯಾಗಲಿ.

ಇನ್ನು ಸಮಯ. ಗೆಳೆಯನ ಕೈಗೆ ಸ್ಟಾಪ್‌ವಾಚ್ ಕೊಡಿ: ನಿಮ್ಮ ಮೊದಲ ಚಲನೆಯಿಂದ ಕ್ಯಾಚರ್ ಗ್ಲೌಸ್‌ಗೆ ಚೆಂಡು ಬೀಳುವವರೆಗೆ. 1.3 ಸೆಕೆಂಡ್ ಒಳ್ಳೆಯದು. ಕ್ಯಾಚರ್ ಚೆಂಡು ಹಿಡಿದು ಎರಡನೆಯ ಬೇಸ್‌ಗೆ ತಲುಪಿಸಲು, ಅಮೆರಿಕದ ಮೇಜರ್ ಲೀಗ್ ಮಟ್ಟದಲ್ಲೇ, ಸುಮಾರು 2 ಸೆಕೆಂಡ್ ಬೇಕು. ಒಟ್ಟು 3.3. ಚುರುಕಾದ ರನ್ನರ್ ಹೆಚ್ಚು ಕಡಿಮೆ ಅಷ್ಟರಲ್ಲೇ ಮುಟ್ಟುತ್ತಾನೆ. ನೀವು 1.6 ತೆಗೆದುಕೊಂಡರೆ ಕ್ಯಾಚರ್‌ನನ್ನು ಬೈದು ಪ್ರಯೋಜನವಿಲ್ಲ.

ಆದರೂ ನನ್ನ ಮಟ್ಟಿಗೆ ವೇಗಕ್ಕಿಂತ ಮುಖ್ಯವಾದದ್ದು ಲಯ ಮುರಿಯುವುದು. ಪ್ರತಿ ಸಲ ‘ಒಂದು, ಎರಡು’ ಎಣಿಸಿ ಎಸೆದರೆ ರನ್ನರ್ ಕೂಡ ಅದನ್ನೇ ಎಣಿಸುತ್ತಾನೆ. ಒಮ್ಮೆ ಒಂದು ಸೆಕೆಂಡ್, ಮತ್ತೊಮ್ಮೆ ನಾಲ್ಕು ಸೆಕೆಂಡ್ ಹಿಡಿದುಕೊಳ್ಳಿ. ಆಗಾಗ ಬಲಗಾಲನ್ನು ರಬ್ಬರ್‌ನ (ಪಿಚರ್ ಕಾಲಿಟ್ಟು ಎಸೆಯುವ ಪಟ್ಟಿಯ) ಹಿಂದಕ್ಕೆ ತೆಗೆದು ಇಳಿಯಿರಿ. ಉಸಿರಾಡಲೂ ಸಮಯ ಸಿಗುತ್ತದೆ. ಮೊದಲ ಬೇಸ್‌ಗೆ ಎಸೆಯುವುದು ಔಟ್ ಮಾಡಲೆಂದೇ ಅಲ್ಲ, ಬೇಸ್ ಬಿಟ್ಟು ಮುಂದೆ ಸರಿದು ನಿಲ್ಲುವ ಅವನ ಲೀಡ್ ಒಂದು ಹೆಜ್ಜೆ ತಗ್ಗಿದರೂ ಸಾಕು. ಆದರೆ ಮೇಜರ್ ಲೀಗ್‌ನಲ್ಲಿ 2023ರಿಂದ ಒಬ್ಬ ಬ್ಯಾಟರ್ ಎದುರು ಹೀಗೆ ಎರಡು ಸಲ ಮಾತ್ರ ಇಳಿಯಬಹುದು ಅಥವಾ ಎಸೆಯಬಹುದು. ಮೂರನೆಯದರಲ್ಲಿ ರನ್ನರ್ ಔಟಾಗದಿದ್ದರೆ ಬಾಕ್, ಅಂದರೆ ಪಿಚರ್‌ನ ನಿಯಮಭಂಗ. ನಿಮ್ಮ ಟೂರ್ನಿಯಲ್ಲಿ ಯಾವ ನಿಯಮವೆಂದು ಅಂಪೈರ್ ಬಳಿ ಮೊದಲೇ ಕೇಳಿಕೊಳ್ಳಿ.

ಸೆಟ್‌ನಲ್ಲಿ ಪೂರ್ತಿ ನಿಲ್ಲದೆ ಎಸೆದರೂ ಬಾಕ್. ರಬ್ಬರ್ ಮೇಲಿದ್ದು ಮೊದಲ ಬೇಸ್‌ಗೆ ಎಸೆಯುವಂತೆ ನಟಿಸಿ ನಿಲ್ಲಿಸಿದರೂ ಅಷ್ಟೇ: ಎಲ್ಲ ರನ್ನರ್‌ಗಳೂ ಒಂದೊಂದು ಬೇಸ್ ಮುಂದಕ್ಕೆ.

ಅಭ್ಯಾಸದಲ್ಲಿ ಅರ್ಧ ಎಸೆತಗಳಾದರೂ ಸೆಟ್‌ನಿಂದಲೇ ಇರಲಿ. ಹೆಚ್ಚಿನವರು ಇಡೀ ಸಂಜೆ ವೈಂಡಪ್‌ನಲ್ಲಿ (ಬೇಸ್ ಖಾಲಿಯಿದ್ದಾಗ ಬಳಸುವ ನಿಧಾನದ, ದೊಡ್ಡ ಚಲನೆಯಲ್ಲಿ) ಎಸೆದು, ಪಂದ್ಯದ ಕಷ್ಟದ ಹೊತ್ತಿನಲ್ಲಿ ಸೆಟ್ ಕಲಿಯಲು ಹೊರಡುತ್ತಾರೆ.

ಪ್ರಶ್ನೆ: ನಮ್ಮ ಮೈದಾನದಲ್ಲಿ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಇಲ್ಲ. ತೊಂದರೆಯೇ?
– ಓದುಗಿ, ಯಲಹಂಕ, ಬೆಂಗಳೂರು

ಉತ್ತರ: ಬ್ಯಾಟರ್ ನಿಲ್ಲುವ ಕಡೆಯ ಹೋಮ್ ಪ್ಲೇಟ್‌ನಿಂದ 18.44 ಮೀಟರ್ ಅಳೆದು ಸುಣ್ಣದ ಗೆರೆ ಹಾಕಿಕೊಳ್ಳಿ. ನಿಯಮದ ಮೌಂಡ್ 25 ಸೆಂಟಿಮೀಟರ್ ಎತ್ತರ. ಸಮತಟ್ಟು ನೆಲದಿಂದ ಎಸೆದಾಗ ಆ ಇಳಿಜಾರು ಸಿಗದು, ಹಾಗಾಗಿ ಗುರಿಯನ್ನು ಬ್ಯಾಟರ್‌ನ ಮಂಡಿಯ ಮಟ್ಟಕ್ಕೆ ಇಳಿಸಿ. ರಬ್ಬರ್ ಬದಲು ಮರದ ಹಲಗೆ ಹೂಳಬೇಡಿ, ಮಳೆಯಲ್ಲಿ ಜಾರುತ್ತದೆ.