ಒಂದು ಕೆಜಿ ಆದ ದಿನ ಆ ತಾಯಿ ಅತ್ತಿದ್ದು

ಹದಿನೇಳನೇ ದಿನ ಬೆಳಿಗ್ಗೆ ತೂಕ 1,005 ಗ್ರಾಂ ಬಂತು. ನಾವೆಲ್ಲ ಅದಕ್ಕೇ ಕಾಯ್ತಿದ್ವಿ. ಹಿಂದಿನ ರಾತ್ರಿನೇ ನಾನು ಕಾರ್ಡ್ ರೆಡಿ ಮಾಡಿಟ್ಟಿದ್ದೆ, ಹಳದಿ ಬಣ್ಣದ್ದು, ಮೇಲೊಂದು ಗುಬ್ಬಿ ಚಿತ್ರ, ಕೆಳಗೆ 'ನಾನೀಗ ಒಂದು ಕೆಜಿ' ಅಂತ ಬರ್ದಿದ್ದೆ. ಸಿಸ್ಟರ್ ಅದನ್ನ ಮಗೂನ ಬೆಚ್ಚಗಿಡೋ ವಾರ್ಮರ್ ಪಕ್ಕ ಹಿಡ್ಕೊಂಡ್ರು, ಇನ್ನೊಬ್ರು ಫೋಟೋ ತೆಗೆದ್ರು, ಇಬ್ರು ಚಪ್ಪಾಳೆ ತಟ್ಟಿದ್ರು. ಆ ತಾಯಿ ಒಂದ್ಸಲ ಕಾರ್ಡ್ ನೋಡಿದ್ರು, ಒಂದ್ಸಲ ಪಕ್ಕದ ಖಾಲಿ ವಾರ್ಮರ್ ನೋಡಿದ್ರು, ಆಮೇಲೆ ಗೌನ್ ತೋಳಲ್ಲಿ ಬಾಯಿ ಮುಚ್ಕೊಂಡು ಹೊರಗೆ ಹೋಗ್ಬಿಟ್ರು.

ನಾನು ನವಜಾತ ಶಿಶುಗಳ ಐಸಿಯುನಲ್ಲಿ ಆಪ್ತಸಲಹೆಗಾರ್ತಿ. ಈ ಮನೆಯವ್ರ ಒಪ್ಪಿಗೆ ತಗೊಂಡೇ ಬರೀತಿದೀನಿ, ಯಾರ ಹೆಸರೂ ಹಾಕಿಲ್ಲ, ಗುರುತು ಸಿಗೋ ವಿವರ ಕೆಲವನ್ನ ಬದಲಾಯಿಸಿದೀನಿ. ತಾಯಿಗೆ ಇಪ್ಪತ್ಮೂರು ವರ್ಷ, ಮೊದಲನೇ ಬಸಿರು. ಬಿಪಿ ಕೈ ಮೀರಿ 29 ವಾರಕ್ಕೇ ಸಿಸೇರಿಯನ್ ಮಾಡ್ಬೇಕಾಯ್ತು, 980 ಗ್ರಾಂ ಹೆಣ್ಮಗು. ಗಂಡ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾರೆ, ವಾರಕ್ಕೊಂದ್ಸಲ ಬರೋದು. ಜೊತೇಲಿ ಇದ್ದಿದ್ದು ತಾಯಿಯ ತಾಯಿ, ಅಂದ್ರೆ ಮಗುವಿನ ಅಜ್ಜಿ. ಅವ್ರಿಗೆ ಐಸಿಯು ಒಳಗೆ ಬಿಡ್ತಿರ್ಲಿಲ್ಲ, ಕಾರಿಡಾರಲ್ಲಿ ಚಾಪೆ ಹಾಸ್ಕೊಂಡು ಕೂತಿರ್ತಿದ್ರು.

ಹಾಲು ತೆಗೆಯೋ ರೂಮಿನ ಹೊರಗೆ ಒಂದು ಬೆಂಚಿದೆ. ಅಲ್ಲಿ ಕೂತಿದ್ರು, ನಾನೂ ಹೋಗಿ ಪಕ್ಕದಲ್ಲಿ ಕೂತೆ. ಯಾಕೆ ಅಳ್ತೀರಾ ಅಂತ ಕೇಳ್ಲಿಲ್ಲ. ಎಷ್ಟೋ ಹೊತ್ತಾದ್ಮೇಲೆ ಅವ್ರೇ ಹೇಳಿದ್ರು, "ಅವ್ಳ ಮಗೂಗೂ ಹೋದ್ ವಾರ ಹಿಂಗೇ ಕಾರ್ಡ್ ಹಿಡಿದ್ರಲ್ಲ ಮೇಡಂ."

ಪಕ್ಕದ ವಾರ್ಮರಿನ ಮಗು ತೀರ್ಕೊಂಡು ಎರಡು ದಿನ ಆಗಿತ್ತು. ಸೋಂಕು ಬಂದು ಒಂದೇ ರಾತ್ರೀಲಿ ಎಲ್ಲ ಮುಗಿದಿತ್ತು. ಆ ಮಗುವಿನ ತಾಯಿನೂ ಇವ್ರೂ ಡಾರ್ಮಿಟರೀಲಿ ಅಕ್ಕಪಕ್ಕದ ಮಂಚ, ಇಬ್ರೂ ಒಟ್ಟಿಗೇ ಎದ್ದು ಹಾಲು ತೆಗೀತಿದ್ರು, ರಾತ್ರಿ ಎರಡು ಗಂಟೆಗೆ ಒಬ್ರು ಮಲಗಿಬಿಟ್ರೆ ಇನ್ನೊಬ್ರು ಎಬ್ಬಿಸ್ತಿದ್ರು. ಇದೆಲ್ಲ ನಂಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಕೆಜಿ ಅನ್ನೋ ಸಂಖ್ಯೆ ಬಂದ ತಕ್ಷಣ ಕಾರ್ಡ್ ಹಿಡಿಸಿದೆ.

"ನಿಮ್ ಮಗು ಚೆನ್ನಾಗಿದೆ, ಹಂಗೆಲ್ಲ ಅನ್ಕೋಬೇಡಿ" ಅನ್ನೋ ಮಾತು ನಾಲಿಗೆ ತುದೀಲಿತ್ತು, ಹೇಳ್ಲಿಲ್ಲ, ಆ ಭರವಸೆ ಕೊಡೋಕೆ ನಂಗೆ ಆಗಲ್ಲ ಅಂತ ಅವ್ರಿಗೂ ಗೊತ್ತಿತ್ತು. ನಿಮ್ಮನ್ನ ಒಂದು ಮಾತು ಕೇಳದೇ ಮಾಡಿದ್ದು ನನ್ನ ತಪ್ಪು ಅಂತ ಹೇಳ್ದೆ. ಆಗ ಅವ್ರು ಇನ್ನೂ ಸ್ವಲ್ಪ ಮಾತಾಡಿದ್ರು. ಖುಷಿ ಪಟ್ಟ ತಕ್ಷಣ ದೇವ್ರು ಕಿತ್ಕೊಳ್ತಾನೇನೋ ಅನ್ಸುತ್ತೆ, ಅದಕ್ಕೇ ಖುಷಿನೇ ಪಡಬಾರ್ದು ಅಂತ ಇದೀನಿ, ಅಂದ್ರು.

ಮುಂದಿನ ಎರಡ್ಮೂರು ಭೇಟಿಗಳಲ್ಲಿ ಒಂದೊಂದೇ ಗೊತ್ತಾಗ್ತಾ ಹೋಯ್ತು. ಒಂದ್ಸಲಕ್ಕೆ 40 ಎಂಎಲ್ ಬರ್ತಿದ್ದ ಹಾಲು 15ಕ್ಕೆ ಇಳಿದಿತ್ತು. ಕೆಎಂಸಿ ಅಂದ್ರೆ ಮಗೂನ ಎದೆಗೆ ಚರ್ಮಕ್ಕೆ ಚರ್ಮ ತಾಗೋ ಹಾಗೆ ಕಟ್ಕೊಳ್ಳೋದು, ಅದಕ್ಕೆ ಡಾಕ್ಟ್ರು ಒಪ್ಪಿಗೆ ಕೊಟ್ಟು ಐದು ದಿನ ಆಗಿದ್ರೂ ಇವ್ರು ಕೂತಿದ್ದು ಎರಡೇ ಸಲ, ಅದೂ ಇಪ್ಪತ್ತು ನಿಮಿಷ. ಮಾತಲ್ಲಿ ಮಗೂನ 'ಅದು' ಅಂತಲೇ ಕರೀತಿದ್ರು. ಫೈಲಲ್ಲೂ ಮಗೂಗೆ ಹೆಸರಿಲ್ಲ, 'ಬೇಬಿ ಆಫ್' ಅಂತ ಬರ್ದು ಮುಂದೆ ತಾಯಿ ಹೆಸರು. ಹನ್ನೆರಡನೇ ದಿನ ಬಂದು ಹೋಗಿತ್ತು, ತೊಟ್ಟಿಲಿಲ್ಲ, ನಾಮಕರಣ ಇಲ್ಲ, ಮನೆಗೆ ಬರೋವರೆಗೂ ಹೆಸರು, ಹೊಸ ಬಟ್ಟೆ, ಫೋಟೋ ಯಾವ್ದೂ ಬೇಡ ಅಂತ ಅಜ್ಜಿ ಕಟ್ಟುನಿಟ್ಟು ಮಾಡಿದ್ರು. ಅತ್ತ ಅಪ್ಪ, ವೈರು ಟ್ಯೂಬು ಎಲ್ಲ ಕಾಣೋ ಫೋಟೋನ ವಾಟ್ಸಾಪ್ ಸ್ಟೇಟಸ್ ಹಾಕ್ಬಿಟ್ಟಿದ್ರು, ಅದಕ್ಕೆ ಊರವ್ರೆಲ್ಲ ಫೋನು, ಗಂಡ ಹೆಂಡ್ತಿ ಜಗಳ.

ತಾಯಿಗೆ ನಾನು ಮೊದಲು ಹೇಳಿದ್ದು, ಖುಷಿ ಪಡ್ಲೇಬೇಕು ಅಂತ ಏನಿಲ್ಲ, ಸಂಭ್ರಮ ಅನ್ನೋ ಮಾತನ್ನೇ ಪಕ್ಕಕ್ಕಿಡೋಣ ಅಂತ. ಒಂದು ಇನ್ನೂರು ಪುಟದ ನೋಟ್ ಬುಕ್ ತಂದ್ಕೊಟ್ಟೆ. ದಿನಕ್ಕೊಂದೇ ಸಾಲು ಬರೀರಿ, ಇವತ್ತು ಮಗು ಏನ್ ಮಾಡ್ತು ಅಂತ ಅಷ್ಟೇ, ನಾಳೆ ಬಗ್ಗೆ ಒಂದಕ್ಷರನೂ ಬೇಡ. ಇನ್ನೊಂದು ಷರತ್ತು ಹಾಕ್ದೆ, ತೂಕ ಮಾತ್ರ ಬರೀಬೇಡಿ.

ತೂಕದ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಎಲ್ಲ ಅಮ್ಮಂದಿರ ಬೆಳಿಗ್ಗೆ ಆ ಒಂದು ಸಂಖ್ಯೆ ಮೇಲೆ ನಿಂತಿರುತ್ತೆ. ದಿನ ತುಂಬದೇ ಹುಟ್ಟಿದ ಮಗು ಮೊದಲ ವಾರ ಮೈಯಲ್ಲಿರೋ ನೀರು ಕಳ್ಕೊಂಡು ಇಳಿಯುತ್ತೆ, ಈ ಮಗು 890ಕ್ಕೆ ಹೋಗಿ ಹದಿನಾಲ್ಕನೇ ದಿನ ವಾಪಸ್ 980ಕ್ಕೆ ಬಂದಿತ್ತು, ಅದು ಲೇಟೇನಲ್ಲ, ಸುಮಾರು ಎರಡು ವಾರ ಹಿಡಿಯೋದು ಸಹಜ. ಆದ್ರೆ ಆ ಎರಡು ವಾರ ಇವ್ರು 'ನನ್ ಹಾಲಲ್ಲಿ ಸತ್ವ ಇಲ್ಲ' ಅಂತ ನಂಬ್ಕೊಂಡು ಕೂತಿದ್ರು. ಆಮೇಲೆ ಸೂಜಿ ಅಲ್ಲಾಡ್ದಿರ್ಲಿ ಅಂತ ಕೈಗೆ ಕಟ್ಟಿರೋ ಸ್ಪ್ಲಿಂಟ್ ಬಿಚ್ಚಿದ್ರೆ, ಒದ್ದೆ ಡೈಪರ್ ತೆಗೆದ್ರೆ ಹತ್ತಿಪ್ಪತ್ತು ಗ್ರಾಂ ಹಾಗೇ ಕಮ್ಮಿ ತೋರ್ಸುತ್ತೆ. ಇಷ್ಟು ಅಲ್ಲಾಡೋ ಸಂಖ್ಯೆಗೆ ಚಪ್ಪಾಳೆ ತಟ್ಟಿದ್ರೆ, ಅದು ಇಳಿದ ದಿನ ತಾಯಿ ಒಳಗೊಳಗೇ ತಾನೇ ಫೇಲ್ ಆದೆ ಅನ್ಕೋತಾಳೆ. ನಾನು ಇದನ್ನ ಎಷ್ಟೋ ಸಲ ನೋಡಿದೀನಿ, ಆದ್ರೂ ಕಾರ್ಡಲ್ಲಿ ಕೆಜಿನೇ ಬರೀತಿದ್ದೆ.

ಮೊದಲ ದಿನ ಅವ್ರು ಬರ್ದಿದ್ದು, 'ಸೀನಿತು. ಎರಡು ಸಲ.' ಮಾರನೇ ದಿನ, 'ಸಿಸ್ಟರ್ ಟೋಪಿ ಹಾಕಕ್ಕೆ ಹೋದ್ರೆ ಮುಖ ಸಿಂಡರಿಸಿದ್ಲು.' ಅದು ಹೋಗಿ ಅವಳು ಆಗಿದ್ದನ್ನ ನಾನು ಗಮನಿಸಿದೆ, ಅವ್ರಿಗೆ ಹೇಳೋಕೆ ಹೋಗ್ಲಿಲ್ಲ.

ನಿದ್ದೆ, ಊಟದ ಬಗ್ಗೆನೂ ವಿಚಾರಿಸ್ತಿದ್ದೆ. ಮಲಗೋಕೆ ಅವಕಾಶ ಸಿಕ್ಕಿದ್ರೂ ನಿದ್ದೆ ಬರ್ದೇ ಇರೋದು, ಮಗು ಕಡೆ ನೋಡೋಕೇ ಮನಸಾಗ್ದೇ ಇರೋದು, ಇವೆಲ್ಲ ಎರಡು ವಾರ ಮುಂದುವರೆದ್ರೆ ಮನೋವೈದ್ಯರಿಗೆ ತೋರಿಸ್ತೀವಿ ಅಂತ ಅವ್ರಿಗೂ ಗಂಡನಿಗೂ ಮೊದಲೇ ಹೇಳಿದ್ದೆ, ಬದುಕೇ ಬೇಡ ಅನ್ಸಿದ್ರೆ, ಸಾಯೋ ಯೋಚನೆ ಬಂದ್ರಂತೂ ಅವತ್ತೇ ಹೇಳ್ಬೇಕು, ಎರಡು ವಾರ ಕಾಯೋ ಹಾಗಿಲ್ಲ. ರಾತ್ರಿ ಹೊತ್ತು ನಾನು ಸಿಗ್ದೇ ಇದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ ಅಂತ ನೋಟ್ ಬುಕ್ ಹಿಂದೆ ಬರ್ದುಕೊಟ್ಟೆ. ಇವ್ರಿಗೆ ಅದರ ಅಗತ್ಯ ಬರ್ಲಿಲ್ಲ.

ಅಜ್ಜಿ ಜೊತೆ ಮಾತಾಡೋದಕ್ಕೆ ಮೊದಲು ನಂಗೆ ಸ್ವಲ್ಪ ಭಯ ಇತ್ತು. ಮೂಢನಂಬಿಕೆ ಅಂತ ಶುರು ಮಾಡಿದ್ರೆ ಅಲ್ಲಿಗೇ ಮುಗೀತು. ಅವ್ರು ಹೇಳಿದ್ದು ಇಷ್ಟೇ, "ಕಣ್ಣು ಬಿದ್ದಿರೋದು ಕಣಮ್ಮ ಇದು, ಆ ಕಂದಂಗೂ ಹಂಗೇ ಆಯ್ತು, ಒಂದು ಕಾಡಿಗೆ ಬೊಟ್ಟು ಇಡ್ಸಿ ಅಂದ್ರೆ ಯಾರೂ ಕೇಳ್ತಿಲ್ಲ." ಇದರ ಹಿಂದೆ ಇದ್ದಿದ್ದು ಬೇರೆ, ಮೊಮ್ಮಗಳಿಗೆ ಅವ್ರು ಏನೂ ಮಾಡೋ ಹಾಗಿರ್ಲಿಲ್ಲ. ಬಾಣಂತನ ಮಾಡ್ಬೇಕಿತ್ತು, ಎಣ್ಣೆ ಹಚ್ಚಿ ನೀರು ಹಾಕ್ಬೇಕಿತ್ತು, ಅದ್ಯಾವ್ದೂ ಇಲ್ದೇ ಕಾರಿಡಾರಲ್ಲಿ ಕೂತಿದ್ರು.

ಕಾಡಿಗೆ ಮಗು ಮೈಗೆ ಯಾಕೆ ಬೇಡ ಅಂತ ಹೇಳ್ದೆ, ಆ ಚರ್ಮ ಈರುಳ್ಳಿ ಸಿಪ್ಪೆ ಥರ ಇದೆ, ಅಲ್ಲಿಂದ ಸೋಂಕು ಒಳಗೆ ಹೋಗ್ಬೋದು, ವಿಭೂತಿ ಪುಡಿನೂ ಬೇಡ, ಆರತಿ ಅಂತೂ ಬೇಡ್ವೇ ಬೇಡ, ಒಳಗೆ ಆಕ್ಸಿಜನ್ ಇದೆ, ಬೆಂಕಿ ಹತ್ಕೊಂಡ್ರೆ ಎಲ್ಲ ಮಕ್ಕಳಿಗೂ ಅಪಾಯ. ಕೇಳಿಸ್ಕೊಂಡ್ರು. ಆಮೇಲೆ ನಾನೇ ಕೇಳ್ದೆ, ದೃಷ್ಟಿ ತೆಗಿಯೋಕೆ ಮುಟ್ಟಲೇಬೇಕಾ ಅಂತ. ಅವ್ರು ಸ್ವಲ್ಪ ಯೋಚ್ನೆ ಮಾಡಿ, ನೆಟಿಗೆ ಮುರಿಯೋಕೆ ಮುಟ್ಟೋದು ಬೇಡ ಅಂದ್ರು. ಅವತ್ತಿನಿಂದ ದಿನಾ ಸಂಜೆ ಗಾಜಿನ ಆಚೆಯಿಂದ ಎರಡೂ ಕೈ ಮಗು ಕಡೆ ತೋರ್ಸಿ, ತಮ್ಮ ಹಣೆಗೆ ಒತ್ತಿ ನೆಟಿಗೆ ಮುರಿದು ಹೋಗ್ತಿದ್ರು. ಸಿಸ್ಟರ್‌ಗಳು ಆ ಹೊತ್ತಿಗೆ ಪರದೆ ಸರಿಸಿ ಕೊಡ್ತಿದ್ರು. ಇದು ನನ್ನ ಪ್ರಕಾರ ಆ ಮನೆಗೆ ಆದ ಮೊದಲ ಆಚರಣೆ, ನಮ್ಮ ಕಾರ್ಡಲ್ಲ.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತ ಅಜ್ಜಿ ಧೈರ್ಯ ಹೇಳ್ತಿದ್ರು. ಪಕ್ಕದ ಮಗು ಎಂಟನೇ ತಿಂಗಳದ್ದು, ಅದರ ತಾಯಿ ಎದುರಿಗೂ ಈ ಮಾತು ಬಂದಿತ್ತು. ಇದು ಸುಳ್ಳು. ಹೊಟ್ಟೇಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗೂಗೆ ಒಳ್ಳೇದೇ. ದಯವಿಟ್ಟು ಯಾವ ಬಾಣಂತಿ ಎದುರಿಗೂ ಇದನ್ನ ಹೇಳ್ಬೇಡಿ.

ಅಪ್ಪನಿಗೆ ಬೈಯೋದೇನಿರ್ಲಿಲ್ಲ, ಅವ್ರಿಗೂ ದೂರದಲ್ಲಿದ್ದು ಇರೋದೊಂದೇ ದಾರಿ ಅದು, ಫೋಟೋ. ಸ್ಟೇಟಸ್ ಹಾಕೋ ಮುಂಚೆ ಹೆಂಡ್ತಿನ ಕೇಳಿ, ಫ್ಲಾಶ್ ಬೇಡ, ಪಕ್ಕದ ಮಗು ಬೀಳೋ ಹಾಗೆ ತೆಗೀಬೇಡಿ ಅಂದೆ. ಆಮೇಲೆ ಭಾನುವಾರ ಬಂದಾಗ ಶರ್ಟ್ ಬಿಚ್ಚಿ ಕೂರ್ಸಿದ್ವಿ. ಕೆಎಂಸಿ ಅಮ್ಮನೇ ಮಾಡ್ಬೇಕು ಅಂತೇನಿಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಮಕ್ಕಳು ಜಾಸ್ತಿ, ಇನ್‌ಕ್ಯುಬೇಟರ್ ಕಮ್ಮಿ ಅನ್ನೋ ಕಷ್ಟದಲ್ಲಿ ಶುರುವಾಗಿದ್ದು ಇದು, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್ಒ) ದಿನಕ್ಕೆ 8ರಿಂದ 24 ಗಂಟೆ ಮಾಡಿ ಅಂತ ಹೇಳಿದೆ. ಅಪ್ಪ ಒಂದೂವರೆ ಗಂಟೆ ಅಲ್ಲಾಡದೇ ಕೂತಿದ್ರು, ಕಾಲು ಜೋಮು ಹಿಡಿದ್ರೂ ಏಳ್ಲಿಲ್ಲ. ಮಾನಿಟರಲ್ಲಿ ಸ್ಯಾಚುರೇಷನ್, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್ ಮಟ್ಟ, 95ರ ಮೇಲೇ ನಿಂತಿತ್ತು. ಹೆಂಡ್ತಿ ನೋಟ್ ಬುಕ್ಕಲ್ಲಿ ಅವತ್ತು ಬರ್ದಿದ್ದು, 'ಅಪ್ಪನ ಎದೆ ಕೂದಲು ಹಿಡ್ಕೊಂಡು ಬಿಡ್ಲಿಲ್ಲ.'

ಇಪ್ಪತ್ತೆರಡನೇ ದಿನ ಮಗು ಉಸಿರು ನಿಲ್ಲಿಸ್ತು, ಒಂದ್ಸಲ ಅಲ್ಲ, ಮೂರು ಸಲ. ಮೂಗಿನಿಂದ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗೋ ಸಿಪ್ಯಾಪ್ ತೆಗೆದು ನಾಲ್ಕು ದಿನ ಆಗಿತ್ತಷ್ಟೇ, ಮತ್ತೆ ಹಾಕಿದ್ರು, ಹಾಲು ನಿಲ್ಲಿಸಿದ್ರು, ಆಂಟಿಬಯಾಟಿಕ್ ಶುರುವಾಯ್ತು. ನೋಟ್ ಬುಕ್ ಎರಡು ದಿನ ಖಾಲಿ. ನಾನು ಬರೀರಿ ಅಂತ ಒತ್ತಾಯ ಮಾಡ್ಲಿಲ್ಲ. ಮೂರನೇ ದಿನ ಅವ್ರೇ ಹಿಂದಿನ ಪುಟ ತಿರುಗಿಸಿ ತೋರಿಸಿ, ಸಿಪ್ಯಾಪ್ ತೆಗೆದ ದಿನ ಬರ್ದಿದ್ದನ್ನ ಹೊಡೆದು ಹಾಕ್ಬೇಕಾ ಮೇಡಂ ಅಂತ ಕೇಳಿದ್ರು. ಬೇಡ, ಆ ನಾಲ್ಕು ದಿನ ಅವಳು ತಾನೇ ಉಸಿರಾಡಿದ್ದು ನಿಜ ತಾನೇ, ಅಂದೆ. ಅವ್ರು ಹೊಡೆದು ಹಾಕ್ಲಿಲ್ಲ.

ಅದೇ ವಾರ ಜನನ ನೋಂದಣಿ ಗಲಾಟೆ. ಹುಟ್ಟಿದ 21 ದಿನದೊಳಗೆ ನೋಂದಣಿ ಆಗ್ಬೇಕು ಅಂತ ಯಾರೋ ಹೇಳಿ, ಅದಕ್ಕೆ ಹೆಸರು ಬೇಕು ಅಂತ ಇವ್ರು ಅನ್ಕೊಂಡು, ಹೆಸರಿಟ್ರೆ ಕೇಡು ಅಂತ ಅಜ್ಜಿ ಅತ್ತು. ಹೆಸರಿಲ್ದೇನೂ ನೋಂದಣಿ ಆಗುತ್ತೆ, ಇವ್ರದ್ದು ಆಸ್ಪತ್ರೆಯಿಂದಲೇ ಹೋಗಿತ್ತು, ಹೆಸರನ್ನ 12 ತಿಂಗಳೊಳಗೆ ಫೀಸಿಲ್ಲದೇ ಸೇರಿಸ್ಬೋದು. ಇಷ್ಟು ಗೊತ್ತಾದ್ಮೇಲೆ ಮನೆ ಮಂದಿಯ ಅರ್ಧ ಭಾರ ಇಳೀತು. ಒಳಗೆ ಸಿಸ್ಟರ್‌ಗಳು ಆಗ್ಲೇ ಗುಬ್ಬಿ ಅಂತ ಕರೀತಿದ್ರು, ಅಜ್ಜಿನೂ ಅದು ಹೆಸರಲ್ಲ, ಮುದ್ದಿಗೆ ಕರೆಯೋದು, ಪರವಾಗಿಲ್ಲ ಅಂದ್ರು. ಮಾರನೇ ದಿನ ಕೆಎಂಸೀಲಿ ಕೂತಾಗ ತಾಯಿ ಬಗ್ಗಿ ಮಗು ಕಿವೀಲಿ ಏನೋ ಮೂರು ಸಲ ಹೇಳಿದ್ದು ಕಂಡೆ. ಕೇಳೋಕೆ ಹೋಗ್ಲಿಲ್ಲ.

ಆಮೇಲೆ ದಿನಗಳು ಸ್ವಲ್ಪ ಬೇಗ ಓಡಿದ್ವು. ಇಪ್ಪತ್ತೆಂಟನೇ ದಿನ ಕಣ್ಣಿನ ಆರ್‌ಒಪಿ ಚೆಕಪ್, ಅಂದ್ರೆ ದಿನ ತುಂಬದ ಮಕ್ಕಳ ಕಣ್ಣಿನ ಹಿಂಪರದೆಗೆ ತೊಂದರೆ ಆಗಿದ್ಯಾ ಅಂತ ನೋಡೋದು, 34 ವಾರದೊಳಗೆ ಅಥವಾ 2,000 ಗ್ರಾಂಗಿಂತ ಕಮ್ಮಿ ಹುಟ್ಟಿದ ಮಕ್ಕಳಿಗೆ ಇದು ಬೇಕೇ ಬೇಕು, ತಪ್ಪಿಸಲೇಬೇಡಿ. ಅದರ ಮಾರನೇ ದಿನ ಮೊದಲನೇ ಒಳಲೆ ಹಾಲು, 5 ಎಂಎಲ್ಲು, ಅರ್ಧ ಗಲ್ಲದ ಮೇಲೆ. ಎದೆಗೆ ಹಾಕಿದ್ರೆ ಚೀಪ್ತಿಲ್ಲ ಅಂತ ತಾಯಿಗೆ ಬೇಜಾರು, ಚೀಪೋದು ನುಂಗೋದು ಉಸಿರಾಡೋದು ಮೂರೂ ಒಟ್ಟಿಗೆ ಹೊಂದೋಕೆ ಸುಮಾರು 34 ವಾರ ತುಂಬ್ಬೇಕು, ಅವಳು ಹಟ ಮಾಡ್ತಿಲ್ಲ, ಇನ್ನೂ ಕಲೀತಿದಾಳೆ ಅಂತ ಹೇಳ್ದೆ.

ನಮ್ಮ ಸಿಸ್ಟರ್‌ಗಳ ಜೊತೆನೂ ಕೂತು ಮಾತಾಡಿದ್ವಿ. ಈಗ ಕಾರ್ಡನ್ನ ಕವರಲ್ಲಿ ಹಾಕಿ ತಾಯಿ ಕೈಗೆ ಕೊಡ್ತೀವಿ, ತೋರಿಸೋದು, ಫೋಟೋ ತೆಗೆಯೋದು, ಎತ್ತಿಡೋದು ಅವ್ರಿಷ್ಟ. ಚಪ್ಪಾಳೆ ಇಲ್ಲ. ವಾರ್ಡಲ್ಲಿ ಸಾವಾದ ದಿನ ಯಾವ ಕಾರ್ಡೂ ಇಲ್ಲ. ಕೆಜಿ ಕಾರ್ಡ್ ಜೊತೆಗೆ ಹೊಕ್ಕುಳ ಬಳ್ಳಿ ಉದುರಿದ್ದು, ಅಮ್ಮ ಮೊದಲ ಸಲ ಮುಟ್ಟಿದ್ದು, ಮೊದಲ ತೊಟ್ಟು ಗಿಣ್ಣು ಹಾಲು ಬಾಯಿಗೆ ಹಚ್ಚಿದ್ದು, ಇವಕ್ಕೂ ಕಾರ್ಡಿದೆ, ಎರಡೇ ದಿನ ಬದುಕೋ ಮಗೂಗೂ ಇವುಗಳಲ್ಲಿ ಕೆಲವು ಸಿಗುತ್ವೆ.

ಈ ಕೊನೇ ಮಾತು ನಂಗೆ ಹೊಳೆದಿದ್ದಲ್ಲ. ತೀರ್ಕೊಂಡ ಮಗುವಿನ ತಾಯಿ ಒಂದು ತಿಂಗಳಾದ್ಮೇಲೆ ವಾರ್ಡಿಗೆ ಫೋನ್ ಮಾಡಿದ್ರು. ಅವತ್ತು ಕಾರ್ಡ್ ಹಿಡಿದು ತೆಗೆದ್ರಲ್ಲ ಫೋಟೋ, ಅದಿನ್ನೂ ಇದ್ಯಾ ಅಂತ. ಇತ್ತು. ಕೊಡೋಕೆ ನಾನೇ ಹೆದರ್ಕೊಂಡಿದ್ದೆ, ನೋವಾಗುತ್ತೆ ಅಂತ. ಅವ್ರ ಹತ್ರ ಮಗುವಿನ ಬೇರೆ ಫೋಟೋನೇ ಇರ್ಲಿಲ್ಲ. ಪ್ರಿಂಟ್ ಹಾಕ್ಸಿ ಕಳಿಸಿದ್ವಿ, ಅದರ ಜೊತೆ ಗುಬ್ಬಿ ತಾಯಿನೂ ಒಂದು ಚೀಟಿ ಇಟ್ರು, ಮಡಚಿ ಕೊಟ್ರು, ನಾನು ಬಿಚ್ಚಿ ನೋಡ್ಲಿಲ್ಲ.

ಐವತ್ತೆಂಟನೇ ದಿನ ಡಿಸ್ಚಾರ್ಜ್, 1,820 ಗ್ರಾಂ. ಲಸಿಕೆ ಹುಟ್ಟಿದ ದಿನದ ಲೆಕ್ಕಕ್ಕೆ, ಕೂರೋದು ತೆವಳೋದು ನಡೆಯೋದು ಮಾತ್ರ ದಿನ ತುಂಬಬೇಕಿದ್ದ ತಾರೀಕಿನ ಲೆಕ್ಕಕ್ಕೆ ನೋಡ್ಬೇಕು, ಎರಡು ವರ್ಷದವರೆಗೂ ಹಾಗೇ, ಪಕ್ಕದ ಮನೆ ಮಗು ಜೊತೆ ಹೋಲಿಸ್ಬೇಡಿ ಅಂತ ಅಪ್ಪನಿಗೆ ಬರ್ಸಿದೆ. ಆಮೇಲೆ ತಾಯಿನ ಕೇಳ್ದೆ, ಮನೆಗೆ ಹೋಗೋ ಕಾರ್ಡ್ ಇದೆ, ಬೇಕಾ ಅಂತ.

"ಕೊಡಿ" ಅಂದ್ರು. ಸಿಸ್ಟರ್ ಹಿಡ್ಕೊಳ್ಳೋಕೆ ಕೈ ಚಾಚಿದ್ರೆ, ಬೇಡ ಸಿಸ್ಟರ್, ನಾನೇ ಹಿಡ್ಕೋತೀನಿ ಅಂದ್ರು. ಅಜ್ಜಿ ಸೊಂಟದ ಚೀಲದಿಂದ ಕಾಡಿಗೆ ಡಬ್ಬಿ ತೆಗೆದು ನನ್ನ ಮುಖ ನೋಡಿದ್ರು, ನಾನು ಕಾರ್ಡ್ ಕಡೆ ತೋರಿಸ್ದೆ, ಗುಬ್ಬಿ ಚಿತ್ರದ ಕೆನ್ನೆ ಮೇಲೆ ಒಂದು ಬೊಟ್ಟಿಟ್ರು.