ಅಗ್ರಪಟ್ಟದ ಲೆಕ್ಕಾಚಾರ: ಟೆನಿಸ್ ಪ್ರಶ್ನೋತ್ತರ

ಪ್ರಶ್ನೆ: ಫೊನ್ಸೆಕಾ, ಮೆನ್ಶಿಕ್, ಟಿಯೆನ್, ಶೆಲ್ಟನ್... ಟೂರ್ನಿಗೊಂದು ಹೊಸ ಹೆಸರು ಕೇಳಿಬರುತ್ತಿದೆ. ಇವರಲ್ಲಿ ಯಾರಿಗೆ ವಿಶ್ವದ ನಂಬರ್ ಒನ್ ಆಗುವ ಯೋಗ್ಯತೆ ಇದೆ? (ಧಾರವಾಡ)

ಉತ್ತರ: ಯೋಗ್ಯತೆಯ ಮಾತು ಆಮೇಲೆ, ಮೊದಲು ರ್‍ಯಾಂಕಿಂಗ್ ಅಂಕಗಳನ್ನು (ಕಳೆದ 52 ವಾರಗಳ ಟೂರ್ನಿಗಳಲ್ಲಿ ಗಳಿಸಿದ್ದು) ನೋಡಿ. 2025ರ ಕೊನೆಯ ಪಟ್ಟಿಯಲ್ಲಿ ಕಾರ್ಲೊಸ್ ಅಲ್ಕರಾಜ್ ಬಳಿ 12,050 ಅಂಕ ಇತ್ತು, ಯಾನಿಕ್ ಸಿನ್ನರ್ ಬಳಿ 11,500. ಮೂರನೆಯವರಾದ ಜ್ವೆರೆವ್ ಬಳಿ ಇದ್ದದ್ದು 5,160. ಅಂದರೆ ಎರಡನೆಯವರ ಅರ್ಧವೂ ಇಲ್ಲ. ಅದೂ ಸಿನ್ನರ್ ಫೆಬ್ರುವರಿಯಿಂದ ಮೇ ಆರಂಭದವರೆಗೆ ಅಮಾನತಿನಲ್ಲಿದ್ದು, ನಾಲ್ಕು ಮಾಸ್ಟರ್ಸ್ ಟೂರ್ನಿಗಳನ್ನು (ಗ್ರ್ಯಾಂಡ್‌ಸ್ಲಾಮ್‌ಗಿಂತ ಒಂದು ದರ್ಜೆ ಕೆಳಗಿನವು, ಗೆದ್ದರೆ 1000 ಅಂಕ) ಆಡದೇ ಇದ್ದ ವರ್ಷ.

ಹೊಸಬನೊಬ್ಬನ ವರ್ಷ ಬಂಗಾರವಾಯಿತು ಎಂದೇ ಇಟ್ಟುಕೊಳ್ಳಿ. ಒಂದು ಗ್ರ್ಯಾಂಡ್‌ಸ್ಲಾಮ್ ಗೆದ್ದ (2000), ಇನ್ನೊಂದರಲ್ಲಿ ಫೈನಲ್ ಸೋತ (1300), ಮತ್ತೊಂದರಲ್ಲಿ ಸೆಮಿಫೈನಲ್ (800), ಉಳಿದದ್ದರಲ್ಲಿ ಕ್ವಾರ್ಟರ್‌ಫೈನಲ್ (400). ಇಲ್ಲಿಗೆ 4,500. ಕಡ್ಡಾಯವಾಗಿ ಆಡಬೇಕಾದ ಎಂಟು ಮಾಸ್ಟರ್ಸ್‌ಗಳಲ್ಲಿ ಎರಡು ಪ್ರಶಸ್ತಿ (ತಲಾ 1000), ಎರಡು ಸೆಮಿಫೈನಲ್ (ತಲಾ 400), ತಲಾ 200ರಂತೆ ನಾಲ್ಕು ಕ್ವಾರ್ಟರ್‌ಫೈನಲ್ ಬಂದರೆ 3,600. ಎರಡು 500 ದರ್ಜೆಯ ಟೂರ್ನಿ ಗೆದ್ದರೆ ಸಾವಿರ. ವರ್ಷಾಂತ್ಯದಲ್ಲಿ ಅಗ್ರ ಎಂಟು ಮಂದಿ ಆಡುವ ಎಟಿಪಿ ಫೈನಲ್ಸ್‌ನಲ್ಲಿ ಗುಂಪು ಹಂತದಲ್ಲಿ ಎರಡು ಗೆಲುವು, ಸೆಮಿಫೈನಲ್‌ನಲ್ಲೊಂದು ಗೆಲುವು ಸೇರಿಸಿದರೆ 800. ಒಟ್ಟು 9,900. ಇಷ್ಟು ಆಡಿಯೂ 2025ರಲ್ಲಿ ಅವನು ಮೂರನೆಯವನೇ!

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಅಗ್ರಪಟ್ಟಕ್ಕೆ ಇಂತಿಷ್ಟು ಅಂಕ ಎಂಬ ನಿಯಮವಿಲ್ಲ, ಮೇಲಿನವರಿಗಿಂತ ಒಂದು ಅಂಕ ಹೆಚ್ಚಿದ್ದರೆ ಸಾಕು. 2022ರ ಸೆಪ್ಟೆಂಬರ್ 12ರಂದು ಅಲ್ಕರಾಜ್ 19ನೇ ವಯಸ್ಸಿನಲ್ಲಿ ಮೊದಲ ಸಲ ನಂಬರ್ ಒನ್ ಆದಾಗ ಅವರ ಬಳಿ ಇದ್ದದ್ದು 6,740 ಅಂಕ ಮಾತ್ರ. ಆ ವರ್ಷ ವಿಂಬಲ್ಡನ್‌ಗೆ ಅಂಕವನ್ನೇ ಕೊಟ್ಟಿರಲಿಲ್ಲ. ಜೊಕೊವಿಚ್ ಆಸ್ಟ್ರೇಲಿಯಾದಲ್ಲೂ ಅಮೆರಿಕದಲ್ಲೂ ಆಡಲಾಗಲಿಲ್ಲ, ಜ್ವೆರೆವ್ ಪ್ಯಾರಿಸ್‌ನಲ್ಲಿ ಕಾಲು ಉಳುಕಿಸಿಕೊಂಡು ಹೊರಗುಳಿದರು. ಬಾಗಿಲು ತೆರೆದಿತ್ತು, ಒಳನುಗ್ಗುವ ತಾಕತ್ತೂ ಹುಡುಗನಿಗಿತ್ತು. ಈಗ ಬಾಗಿಲು ಮುಚ್ಚಿದೆ. ಮೇಲಿನ ಇಬ್ಬರಲ್ಲಿ ಒಬ್ಬರು ಗಾಯದಿಂದ ಆರು ತಿಂಗಳು ಕೂತರೂ ಇನ್ನೊಬ್ಬರು ಉಳಿದಿರುತ್ತಾರೆ.

ಈಗ ಹೆಸರುಗಳು. ನನ್ನ ಮೊದಲ ಆಯ್ಕೆ ಬ್ರೆಜಿಲ್‌ನ ಜೊವಾವ್ ಫೊನ್ಸೆಕಾ. ಹುಟ್ಟಿದ್ದು 2006ರ ಆಗಸ್ಟ್‌ನಲ್ಲಿ, ಹಾಗಾಗಿ ಕಾಯಲು ಸಮಯವಿದೆ. 2025ರಲ್ಲಿ ಬ್ಯೂನಸ್ ಐರಿಸ್‌ನ ಆವೆಮಣ್ಣಿನ ಮೇಲೂ ಬಾಸೆಲ್‌ನ ಒಳಾಂಗಣ ಹಾರ್ಡ್‌ಕೋರ್ಟ್‌ನಲ್ಲೂ ಗೆದ್ದರು. ಎರಡು ಬಗೆಯ ಅಂಕಣ ಎಂಬುದು ಇಲ್ಲಿ ಮುಖ್ಯ. ಏಪ್ರಿಲ್‌ನಿಂದ ಜೂನ್‌ವರೆಗೆ ಆವೆಮಣ್ಣಿನಲ್ಲಿ ಒಂದು ಗ್ರ್ಯಾಂಡ್‌ಸ್ಲಾಮ್, ಮೂರು ಮಾಸ್ಟರ್ಸ್ ಇರುತ್ತವೆ. ಅಲ್ಲಿ ಕೈಸೋತವನು ಅಗ್ರಪಟ್ಟದ ಆಸೆ ಬಿಡಬೇಕು. ಕೊರತೆಯೂ ಇದೆ. ಅದೇ ವರ್ಷ ನಾಲ್ಕು ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಒಂದರಲ್ಲೂ ಅವರು ಮೂರನೇ ಸುತ್ತು ದಾಟಲಿಲ್ಲ. ಫೋರ್‌ಹ್ಯಾಂಡ್ ಸಿಡಿಲಿನಂತಿದೆ, ಆದರೆ ಐದು ಸೆಟ್‌ಗಳ ಪಂದ್ಯದಲ್ಲಿ ಯಾವ ಚೆಂಡಿಗೆ ಸಿಡಿಯಬೇಕು, ಯಾವುದನ್ನು ಸುಮ್ಮನೆ ಆಚೆ ದಾಟಿಸಬೇಕು ಎಂಬ ವಿವೇಕ ಇನ್ನೂ ಮಾಗಬೇಕು.

ಎರಡನೆಯದು ಜೆಕ್ ಆಟಗಾರ ಯಾಕುಬ್ ಮೆನ್ಶಿಕ್. 2025ರ ಮಯಾಮಿ ಮಾಸ್ಟರ್ಸ್ ಫೈನಲ್‌ನಲ್ಲಿ ಜೊಕೊವಿಚ್ ಅವರನ್ನು 7-6, 7-6ರಿಂದ ಸೋಲಿಸಿದರು. ಎರಡೂ ಸೆಟ್ ಟೈಬ್ರೇಕರ್ (6-6 ಆದಾಗ ಆಡುವ ನಿರ್ಣಾಯಕ ಗೇಮ್) ಎಂಬುದನ್ನು ಗಮನಿಸಿ. ಸರ್ವ್ ಬಲವೇ ಅವರನ್ನು ಎತ್ತಿ ಹಿಡಿದಿದೆ. ಎದುರಾಳಿಯ ಸರ್ವ್ ಮುರಿಯುವುದು (ಅವನು ಸರ್ವ್ ಮಾಡುವ ಗೇಮ್ ಗೆಲ್ಲುವುದು) ಹೆಚ್ಚಾಗದಿದ್ದರೆ ಮೊದಲ ಐದರೊಳಗೆ ನಿಲ್ಲಬಹುದು, ಅದಕ್ಕಿಂತ ಮೇಲೆ ಕಷ್ಟ.

ಅಮೆರಿಕದ ಎಡಗೈ ಆಟಗಾರ ಲರ್ನರ್ ಟಿಯೆನ್ ಈ ಪೀಳಿಗೆಯ ಅತಿ ಚತುರ ಆಟಗಾರ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸರ್ವ್‌ನಿಂದ ಪುಕ್ಕಟೆ ಪಾಯಿಂಟ್ ಸಿಗುವುದು ಕಡಿಮೆ, ಪ್ರತಿಯೊಂದನ್ನೂ ಬೆವರು ಸುರಿಸಿಯೇ ಗಳಿಸಬೇಕು. ಫ್ರಾನ್ಸ್‌ನ ಆರ್ಥರ್ ಫಿಸ್‌ಗೆ ಆಟವಿದೆ, ಬೆನ್ನು ಸಹಕರಿಸಬೇಕು; 2025ರ ಫ್ರೆಂಚ್ ಓಪನ್‌ನಿಂದ ಮೂರನೇ ಸುತ್ತಿಗೆ ಮೊದಲೇ ಹಿಂದೆ ಸರಿದದ್ದು ಬೆನ್ನುಮೂಳೆಯ ಬಿರುಕಿನಿಂದ. ಶೆಲ್ಟನ್ 2002ರಲ್ಲಿ ಹುಟ್ಟಿದವರು, ಸಿನ್ನರ್‌ಗಿಂತ ಒಂದೇ ವರ್ಷ ಚಿಕ್ಕವರು. 'ಉದಯೋನ್ಮುಖ' ಎನ್ನುವ ಕಾಲ ಮುಗಿಯಿತು.

ಪ್ರಶ್ನೆ: ಟೂರ್ನಿಯಲ್ಲಿ ಎರಡು ಮೂರು ಪಂದ್ಯ ಗೆದ್ದರೂ ರ್‍ಯಾಂಕಿಂಗ್ ಇಳಿಯುವುದೇಕೆ? (ಶಿವಮೊಗ್ಗ)

ಉತ್ತರ: ಪ್ರತಿ ಅಂಕದ ಆಯಸ್ಸು 52 ವಾರ. ಮೆನ್ಶಿಕ್ ಮಯಾಮಿಯಲ್ಲಿ ಗಳಿಸಿದ 1000 ಅಂಕ ಮುಂದಿನ ವರ್ಷ ಅದೇ ಟೂರ್ನಿಯ ಹೊತ್ತಿಗೆ ಖಾತೆಯಿಂದ ಹೋಗುತ್ತದೆ. ಆಗ ಕ್ವಾರ್ಟರ್‌ಫೈನಲ್‌ನಲ್ಲಿ ಸೋತರೆ 200 ಬರುತ್ತದೆ, ನಿವ್ವಳ ನಷ್ಟ 800. ಗೆದ್ದರೂ ಲಾಭ ಸೊನ್ನೆ, ಇದ್ದದ್ದು ಉಳಿಯಿತು ಅಷ್ಟೆ. ಆದ್ದರಿಂದ ಯಾರಾದರೂ ಮೇಲೇರುತ್ತಾರೆಯೇ ಎಂದು ಊಹಿಸುವ ಮುನ್ನ ಮುಂದಿನ ಮೂರು ತಿಂಗಳಲ್ಲಿ ಅವರಿಗೆ ಎಷ್ಟು ಅಂಕ ಕಳೆಯುವುದಿದೆ ನೋಡಿ. ಹಿಂದಿನ ವರ್ಷ ಅದೇ ಅವಧಿಯಲ್ಲಿ ಗಾಯದಿಂದ ಕೂತಿದ್ದವರಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ, ಬಂದದ್ದೆಲ್ಲ ಲಾಭ.

ಪ್ರಶ್ನೆ: ನಮ್ಮ ರೋಹನ್ ಬೋಪಣ್ಣ ನಂಬರ್ ಒನ್ ಆಗಿದ್ದರಲ್ಲ? (ಮಡಿಕೇರಿ)

ಉತ್ತರ: ಆಗಿದ್ದರು, 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ. ಅದು ಡಬಲ್ಸ್ ಪಟ್ಟಿ. ಸಿಂಗಲ್ಸ್ ಅಂಕ ಅಲ್ಲಿಗೆ ಸೇರುವುದಿಲ್ಲ, ಅಲ್ಲಿನದು ಇಲ್ಲಿಗೆ ಬರುವುದಿಲ್ಲ.

ಪ್ರಶ್ನೆ: ಕಬ್ಬನ್ ಪಾರ್ಕ್‌ನಲ್ಲಿ ಚಾಲೆಂಜರ್ ಟೂರ್ನಿ (ಮುಖ್ಯ ಟೂರ್ನಿಗಳಿಗಿಂತ ಕೆಳಗಿನ ದರ್ಜೆ) ನೋಡುವಾಗ ಮುಂದೆ ಬೆಳೆಯುವ ಹುಡುಗನನ್ನು ಗುರುತಿಸುವುದು ಹೇಗೆ? (ಬೆಂಗಳೂರು)

ಉತ್ತರ: ಏಸ್‌ಗಳಿಗೆ ಮರುಳಾಗಬೇಡಿ. ಮೊದಲನೆಯದು ತಪ್ಪಿದಾಗ ಹೊಡೆಯುವ ಎರಡನೇ ಸರ್ವ್ ನೋಡಿ. ಒಂದು ಕಾಗದದಲ್ಲಿ ಗೀಟು ಹಾಕುತ್ತಾ ಹೋಗಿ: ಎರಡನೇ ಸರ್ವ್ ಹೊಡೆದ ಪಾಯಿಂಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೆದ್ದನೇ? 30-40ರಲ್ಲಿ ಹಿಂದಿದ್ದಾಗಲೂ ರ್‍ಯಾಕೆಟ್ ಅದೇ ವೇಗದಲ್ಲಿ ಬೀಸಿದನೇ, ಇಲ್ಲ ಚೆಂಡನ್ನು ಮೆಲ್ಲಗೆ ಅಂಕಣದೊಳಗೆ ಇಟ್ಟನೇ? ಹೆದರಿ ಇಟ್ಟ ಚೆಂಡಿನ ಮೇಲೆ ಚಾಲೆಂಜರ್ ಮಟ್ಟದ ಎದುರಾಳಿ ಸುಮ್ಮನಿರಬಹುದು, ಮಾಸ್ಟರ್ಸ್‌ನಲ್ಲಿ ಇರುವುದಿಲ್ಲ.

ಇನ್ನೊಂದು, ಎದುರಾಳಿಯ ಸರ್ವ್ ಗೇಮ್‌ಗಳಲ್ಲಿ ಎಷ್ಟು ಮುರಿದ ಎಂಬುದು. ಸಿನ್ನರ್, ಅಲ್ಕರಾಜ್ ಅಂಥವರು ದೊಡ್ಡ ಟೂರ್ನಿಗಳಲ್ಲೇ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮುರಿಯುತ್ತಾರೆ. ಬೆಂಗಳೂರಿನಲ್ಲಿ ಚೆಂಡು ಎತ್ತರದ ತೆಳುಗಾಳಿಯಿಂದಾಗಿ ತುಸು ವೇಗವಾಗಿ ಹಾರುತ್ತದೆ, ಸರ್ವ್ ಮಾಡುವವನಿಗೆ ಅನುಕೂಲ. ಅಲ್ಲೂ ಒಬ್ಬ ಹುಡುಗ ಪಂದ್ಯದಿಂದ ಪಂದ್ಯಕ್ಕೆ ಮೂರು ನಾಲ್ಕು ಸಲ ಸರ್ವ್ ಮುರಿಯುತ್ತಿದ್ದರೆ ಅವನ ಹೆಸರು ಬರೆದಿಟ್ಟುಕೊಳ್ಳಿ.