ಎಕ್ಸ್‌ರೇ ಸರಿಯಿದೆ, ಆದರೂ ಮೊಣಕಾಲು ಕೈಕೊಡುತ್ತದೆ

ಪ್ರಶ್ನೆ: ನನಗೆ 27 ವರ್ಷ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಜಾತ್ರೆಯ ಪಂದ್ಯಗಳಲ್ಲಿ ಕಬಡ್ಡಿ ಆಡುತ್ತೇನೆ. ಮೂರು ತಿಂಗಳ ಹಿಂದೆ ರೈಡ್‌ಗೆ ಹೋದಾಗ ತಪ್ಪಿಸಿಕೊಳ್ಳಲು ತಟ್ಟನೆ ಹೊರಳಿದೆ. ಯಾರೂ ಮುಟ್ಟಿರಲಿಲ್ಲ, ಆದರೂ ಬಲ ಮೊಣಕಾಲಿನೊಳಗೆ ‘ಟಪ್’ ಎಂದಿತು. ಮನೆ ಸೇರುವಷ್ಟರಲ್ಲಿ ಬಾತುಕೊಂಡಿತ್ತು. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದರು. ನಾಟಿ ವೈದ್ಯರೊಬ್ಬರ ಬಳಿ ಎಳೆಸಿ ಕಟ್ಟು ಹಾಕಿಸಿದೆ. ಈಗ ಬಾವಿಲ್ಲ, ನೇರವಾಗಿ ನಡೆದರೆ ತೊಂದರೆಯೂ ಇಲ್ಲ. ಗದ್ದೆಯ ಬದುವಿನ ಮೇಲೆ ತಿರುಗುವಾಗ ಮಾತ್ರ ಕಾಲು ಕೈಕೊಡುತ್ತದೆ. ನನ್ನ ತಾಯಿಗೂ ಕೂತು ಏಳುವಾಗ ಮೊಣಕಾಲು ಕಟಕಟ ಎನ್ನುತ್ತದೆ, ನೋವಿಲ್ಲ. ಇದು ಮನೆತನದ ರೋಗವೇ?
— ಹೆಸರು ಬೇಡ, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಅಲ್ಲ. ನಿಮ್ಮ ತಾಯಿಯವರ ಮೊಣಕಾಲಿನ ಸದ್ದಿಗೂ ನಿಮ್ಮದಕ್ಕೂ ಸಂಬಂಧವಿಲ್ಲ. ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾದಾಗ, ಸ್ನಾಯುವಿನ ನಾರು ಎಲುಬಿನ ಉಬ್ಬಿನ ಮೇಲೆ ಜಾರಿದಾಗ, ಅಥವಾ ಚಿಪ್ಪಿನ ಒಳಮೈ ಸ್ವಲ್ಪ ಒರಟಾದಾಗ ಇಂಥ ಸದ್ದು ಬರುತ್ತದೆ. ನೋವು, ಬಾವು, ಬಿಗಿತ ಇಲ್ಲದಿದ್ದರೆ ಅದಕ್ಕೆ ಔಷಧಿ ಬೇಕಿಲ್ಲ.

ನಿಮ್ಮ ವಿಷಯ ಬೇರೆ. ಯಾರೂ ತಾಗದೆ ಹೊರಳುವಾಗ ಕೇಳಿದ ಸದ್ದು, ಕೆಲವೇ ಗಂಟೆಗಳಲ್ಲಿ ಬಂದ ಬಾವು, ಬಾವು ಇಳಿದ ಮೇಲೂ ತಿರುಗುವಾಗ ಕೈಕೊಡುವ ಕಾಲು, ಈ ಮೂರೂ ಕೂಡಿದರೆ ಮೂಳೆ ವೈದ್ಯರು ಮೊದಲು ಅನುಮಾನಿಸುವುದು ಎಸಿಎಲ್ ಎಂಬ ಲಿಗಮೆಂಟ್ ಹರಿದಿರಬಹುದೆಂದು. ತೊಡೆಯ ಎಲುಬಿನ ಕೆಳಗೆ ಕಾಲಿನ ಎಲುಬು ಮುಂದಕ್ಕೆ ಜಾರದಂತೆ, ಅಡ್ಡಾದಿಡ್ಡಿ ತಿರುಗದಂತೆ ಹಿಡಿದಿಡುವ ಹಗ್ಗ ಅದು. ಅದು ಹರಿದಾಗ ಕೀಲಿನೊಳಗೆ ರಕ್ತ ಸೋರುವುದರಿಂದ ಬಾವು ಬೇಗ ಬರುತ್ತದೆ. ಎರಡು ಎಲುಬುಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್ ಮಾತ್ರ ಹರಿದಿದ್ದರೆ ಬಾವು ಸಾಮಾನ್ಯವಾಗಿ ಮರುದಿನದ ಹೊತ್ತಿಗೆ ಕಾಣಿಸುತ್ತದೆ. ಆದ್ದರಿಂದಲೇ ವೈದ್ಯರು ‘ಎಷ್ಟು ಹೊತ್ತಿಗೆ ಬಾತಿತು’ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಕೇಳದೆ ಎಕ್ಸ್‌ರೇ ಚೀಟಿ ಬರೆದುಕೊಡುವುದು ನಮ್ಮಲ್ಲಿ ಹೆಚ್ಚಾಗಿದೆ.

ಎಕ್ಸ್‌ರೇ ಸುಳ್ಳು ಹೇಳಿಲ್ಲ. ಅದು ತೋರಿಸುವುದು ಎಲುಬನ್ನು. ಲಿಗಮೆಂಟ್ ಮತ್ತು ಮೆನಿಸ್ಕಸ್ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ‘ಎಕ್ಸ್‌ರೇ ಸರಿಯಿದೆ’ ಎಂದರೆ ಎಲುಬು ಮುರಿದಿಲ್ಲ ಎಂದಷ್ಟೇ ಅರ್ಥ.

ಹೆಚ್ಚಿನದನ್ನು ತಿಳಿಸುವುದು ನುರಿತ ಕೈ. ನಿಮ್ಮನ್ನು ಅಂಗಾತ ಮಲಗಿಸಿ, ಮೊಣಕಾಲನ್ನು 20ರಿಂದ 30 ಡಿಗ್ರಿಯಷ್ಟು ಮಾತ್ರ ಮಡಿಸಿ, ಒಂದು ಕೈಯಲ್ಲಿ ತೊಡೆಯನ್ನು ಅಲುಗದಂತೆ ಹಿಡಿದು ಇನ್ನೊಂದರಲ್ಲಿ ಕಾಲಿನ ಎಲುಬನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಲಿಗಮೆಂಟ್ ಗಟ್ಟಿಯಿದ್ದರೆ ಎಲುಬು ತುಸು ಸರಿದು ತಟ್ಟನೆ ನಿಲ್ಲುತ್ತದೆ. ಹರಿದಿದ್ದರೆ ಹೆಚ್ಚು ಸರಿಯುತ್ತದೆ, ಆ ‘ತಟ್’ ಎಂಬ ನಿಲುಗಡೆ ಕೈಗೆ ಸಿಗುವುದಿಲ್ಲ. ಇದನ್ನು ಲ್ಯಾಕ್‌ಮನ್ ಪರೀಕ್ಷೆ ಎನ್ನುತ್ತಾರೆ; ಸರಿಯಿರುವ ಕಾಲಿನ ಜೊತೆ ಹೋಲಿಸಿಯೇ ತೀರ್ಮಾನಿಸಬೇಕು. ಪೆಟ್ಟಾದ ಹೊಸದರಲ್ಲಿ ನೋವಿಗೆ ಸ್ನಾಯುಗಳು ಬಿಗಿಯುವುದರಿಂದ ಈ ಪರೀಕ್ಷೆ ದಾರಿ ತಪ್ಪಿಸುವುದುಂಟು. ಈಗ ನಿಮ್ಮಲ್ಲಿ ಅದು ಸ್ಪಷ್ಟವಾಗಿ ತಿಳಿಯುವ ಸಾಧ್ಯತೆ ಹೆಚ್ಚು. ಆದರೆ ಇದನ್ನು ಗೆಳೆಯರ ಕೈಯಲ್ಲಿ ಮಾಡಿಸಿಕೊಳ್ಳಬೇಡಿ. ಎಂಆರ್‌ಐ ಇದಾದ ಮೇಲಿನದು: ಲಿಗಮೆಂಟ್ ಹರಿದಿರುವುದನ್ನು ಖಚಿತಪಡಿಸಲು, ಜೊತೆಗೆ ಮೆನಿಸ್ಕಸ್‌ಗೂ ಪೆಟ್ಟಾಗಿದೆಯೇ ಎಂದು ನೋಡಲು. ಕೊಪ್ಪಳ ಅಥವಾ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಎಲುಬು-ಕೀಲು ವಿಭಾಗಕ್ಕೆ ಹೋಗಿ, ಹಳೆಯ ಎಕ್ಸ್‌ರೇ ಜೊತೆಗಿರಲಿ.

ಕಾಲು ಕೈಕೊಡುವುದೆಲ್ಲ ಎಸಿಎಲ್‌ನಿಂದಲೇ ಎಂದಲ್ಲ. ಮೆಟ್ಟಿಲು ಇಳಿಯುವಾಗ ಚಿಪ್ಪಿನ ಸುತ್ತ ನೋವಾಗಿ ಕಾಲು ಸಡಿಲಾದರೆ ತೊಡೆಯ ಮುಂಭಾಗದ ಸ್ನಾಯು ಸೊರಗಿರಬಹುದು. ಅಂಜನಾದ್ರಿ ಬೆಟ್ಟ ಹತ್ತಿ ಇಳಿದವರು ಇದನ್ನು ಹೆಚ್ಚಾಗಿ ಹೇಳುತ್ತಾರೆ. ಚಿಪ್ಪೇ ಹೊರಬದಿಗೆ ಜಾರುವುದೂ ಉಂಟು. ನೀವು ಬರೆದಿರುವುದು ಇವೆರಡಕ್ಕೂ ಅಷ್ಟಾಗಿ ಹೊಂದುವುದಿಲ್ಲ.

ಹರಿದದ್ದು ಖಚಿತವಾದರೂ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಫಿಜಿಯೋಥೆರಪಿಯಿಂದ ತೊಡೆಯ ಹಿಂದುಮುಂದಿನ ಸ್ನಾಯುಗಳನ್ನು ಬಲಪಡಿಸಿಕೊಂಡು, ಕುರ್ಚಿಯ ಕೆಲಸ ಮಾಡಿಕೊಂಡಿರುವ ಹಲವರು ಚೆನ್ನಾಗಿಯೇ ಇರುತ್ತಾರೆ. ಆದರೆ ಕಬಡ್ಡಿಯೆಂದರೆ ಹೊರಳುವುದೇ ಆಟ. ಅದಕ್ಕೆ ಮರಳಬೇಕೆಂದರೆ ಸಾಮಾನ್ಯವಾಗಿ ನಿಮ್ಮದೇ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು) ತೆಗೆದು ಹೊಸ ಲಿಗಮೆಂಟ್ ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ, ಆ ಬಳಿಕ ಅಂಕಣಕ್ಕಿಳಿಯಲು ಕನಿಷ್ಠ 9 ತಿಂಗಳು ಕಾಯಬೇಕಾಗುತ್ತದೆ. ಪರೀಕ್ಷೆಯಾಗುವವರೆಗೆ ಆಡಬೇಡಿ, ಮತ್ತೆ ಎಳೆಸಬೇಡಿ. ಕಾಲು ಪ್ರತಿಸಲ ಕೈಕೊಟ್ಟಾಗಲೂ ಒಳಗಿನ ಮೆನಿಸ್ಕಸ್ ಹರಿಯುವ ಭಯವಿದೆ, ಹರಿದ ಚೂರು ಸಿಕ್ಕಿಕೊಂಡರೆ ಮೊಣಕಾಲು ನೆಟ್ಟಗಾಗದೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಹಾಗಾದರೆ, ಅಥವಾ ಜ್ವರದ ಜೊತೆ ಕೀಲು ಬಿಸಿಯಾಗಿ ಬಾತರೆ, ಸರದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.